ಕೆಂಪು ಕೊಕ್ಕು ಕಳೆದುಕೊಂಡ ಗಿಳಿಯ ಪರವಾಗಿ, ದುಭಾಷಿ ಪ್ರೋಗ್ರಾಮಿಗೆ

ಮಾನ್ಯ ದುಭಾಷಿ ಪ್ರೋಗ್ರಾಂ ಅವರೇ,

ಒಂದು ಕಂಪನಿಯ ಕಂಪ್ಯೂಟರಿಗೆಂದು ಬರೆದ ಪ್ರೋಗ್ರಾಮನ್ನು ಅದರ ಬದ್ಧವೈರಿಯ ಕಂಪ್ಯೂಟರಿನಲ್ಲಿ ಓಡಿಸುವ, ಜಗಳವಾಡಿದ ಬೀಗರಿಬ್ಬರ ಮನೆಯಲ್ಲೂ ಕಾಫಿ ಕುಡಿದು ಬರುವಂಥ ತಮ್ಮ ಚಾತುರ್ಯಕ್ಕೆ ಮೊದಲು ಸಾಷ್ಟಾಂಗ ನಮಸ್ಕಾರ. ಹಳ್ಳಿ ಶಾಲೆಯ ಓದಿನಲ್ಲೇ ರೇಡಿಯೋ ಬಿಚ್ಚಿ ಜೋಡಿಸಿ, ಸ್ಕ್ರೂ ಮಿಕ್ಕರೂ ಹಾಡು ನಿಲ್ಲದಂತೆ ನೋಡಿಕೊಂಡವನು ನಾನು; ತಮ್ಮನ್ನು ನನಗೆ ಸರಿಸಮಾನರೆಂದೇ ಒಪ್ಪಿಕೊಂಡಿದ್ದೆ.

ನನ್ನ ತಂಗಿಯ ಮಗಳ ಹೊಲಿಗೆಯಂಗಡಿಯಲ್ಲಿ ಕಸೂತಿ ಯಂತ್ರ ನಡೆಸುವ ಪ್ರೋಗ್ರಾಂ ಹಳೆಯ ಕಂಪನಿಯದು. ಆ ಕಂಪ್ಯೂಟರ್ ಆಕಳಿಸುತ್ತ ಏಳುವುದನ್ನು ನೋಡಲಾರದೆ ನಾನೇ ಅದನ್ನು ಗುಜರಿಗೆ ಹಾಕಿಸಿ, ಎದುರಾಳಿ ಕಂಪನಿಯ ಹೊಸದನ್ನು ತರಿಸಿ, ಅದರೊಳಗೆ ತಮ್ಮನ್ನು ಪ್ರತಿಷ್ಠಾಪಿಸಿದೆ. ಓಡುತ್ತಾ ಮಾವ ಎಂದು ಅವಳು ಕೇಳಿದ್ದಕ್ಕೆ, ಓಡೋದೇನು, ಹಾರುತ್ತೆ ಅಂದಿದ್ದೆ. ತಾವು ನನ್ನ ಮಾತು ಉಳಿಸಿದಿರಿ. ದೂರು ಇರುವುದೇ ಅಲ್ಲಿ.

ಶಿಶುವಿಹಾರದ ಏಪ್ರನ್ನುಗಳಿಗೆ ಹೊಲಿಯಬೇಕಾದ ಗಿಳಿಯ ಹಸಿರು ಮೈ ಮುಗಿದೊಡನೆ, ಕೊಕ್ಕಿಗೆ ಕೆಂಪು ದಾರ ಪೋಣಿಸಲು ಬಿಡುವಿರಲೆಂದು ಹಳೆಯ ಪ್ರೋಗ್ರಾಂ ಮನಸ್ಸಿನಲ್ಲೇ ದೊಡ್ಡದೊಂದು ಸಂಖ್ಯೆಯವರೆಗೆ ಎಣಿಸುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಆ ಎಣಿಕೆ ಮುಗಿಯುವಷ್ಟರಲ್ಲಿ ಒಂದು ಲೋಟ ಚಹಾ ಕುಡಿಯಬಹುದಿತ್ತು. ತಾವೋ ಅಷ್ಟನ್ನೂ ಚಾಚೂತಪ್ಪದೆ ಅನುವಾದಿಸಿ, ಹೊಸ ಯಂತ್ರದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಬಿಸಾಕಿದಿರಿ. ಕೊಕ್ಕೂ ಹಸಿರು, ಕಣ್ಣೂ ಹಸಿರು! ಶಿಶುವಿಹಾರದ ಮುಖ್ಯೋಪಾಧ್ಯಾಯಿನಿ ಮಕ್ಕಳ ಏಪ್ರನ್ ಎತ್ತಿ ಹಿಡಿದು, ರೆಕ್ಕೆ ಬಂದ ಬೆಂಡೆಕಾಯಿಯನ್ನು ಶಾಲೆಯವರು ಕೇಳಿರಲಿಲ್ಲವೆಂದೂ, ಸೋಮವಾರದೊಳಗೆ ಗಿಳಿ ಬಾರದಿದ್ದರೆ ಬೇರೆ ಅಂಗಡಿ ಇದೆಯೆಂದೂ ಹೇಳಿ ಹೋದರು. ಅಂಗಡಿಗೆ ಸಿಕ್ಕ ಮೊದಲ ದೊಡ್ಡ ಕೆಲಸವದು. ಹುಡುಗಿ ಏಪ್ರನ್ ಮಡಚಿಟ್ಟು ನನ್ನತ್ತ ತಿರುಗಿದಳು. ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು.

ಆದ್ದರಿಂದ ತಾವು ದಯಮಾಡಿ ಪ್ರೋಗ್ರಾಮಿನ ಜೊತೆಗೆ ಹಳೆಯ ಕಂಪ್ಯೂಟರಿನ ಸೋಮಾರಿತನವನ್ನೂ ಅನುವಾದಿಸಬೇಕು, ನಡುನಡುವೆ ಆಕಳಿಸಬೇಕು, ಆಗಾಗ ಕಾರಣವಿಲ್ಲದೆ ಮುನಿಸಿಕೊಳ್ಳಬೇಕು. ಅದು ಗೌರವಕ್ಕೆ ಕುಂದೆನಿಸಿದರೆ, ಹಸಿರು ಕೊಕ್ಕಿನ ಜೀವಂತ ಗಿಳಿಯೊಂದನ್ನು ಮುಖ್ಯೋಪಾಧ್ಯಾಯಿನಿಯವರ ಕಿಟಕಿಗೆ ಕಳಿಸಿಕೊಟ್ಟರೂ ನಡೆದೀತು.

ತಮ್ಮ ವೇಗಕ್ಕೆ ಬೆರಗಾಗಿ ಕೆಟ್ಟ, ತಮ್ಮ ವಿಶ್ವಾಸಿ,
ಹೊಲಿಗೆಯಂಗಡಿಯ ಸೋದರಮಾವ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ಹುಡುಗಿ ಯಂತ್ರದ ಪಕ್ಕ ಸ್ಟೂಲು ಹಾಕಿ ನನ್ನನ್ನು ಕೂರಿಸಿದ್ದಾಳೆ. ಗಿಳಿಯ ಮೈ ಮುಗಿದ ಕೂಡಲೇ ನಾನು ಗುಂಡಿ ಒತ್ತಿ ನಿಲ್ಲಿಸುತ್ತೇನೆ, ಅವಳು ಕೆಂಪು ದಾರ ಪೋಣಿಸುತ್ತಾಳೆ. ಸೋಮವಾರಕ್ಕೆ ಎಲ್ಲ ಮುಗಿಯುತ್ತದೆ. ಆ ಹಳೇ ಕಂಪ್ಯೂಟರಿನ ನಿಧಾನ ಈಗ ಇರೋದು ನಿಮ್ಮೊಬ್ಬರ ಹತ್ತಿರಾನೇ ಮಾವ, ಅಂದಳು. ಇಂಥ ಪ್ರಶಂಸೆ ತಮಗೆ ಎಂದಾದರೂ ಸಿಕ್ಕಿದೆಯೇ?