ಲಿಫ್ಟ್ ಇದೆ, ನಡೆಯುವುದಿಲ್ಲ

ನಮ್ಮ ಭಾವನಂಥ ವ್ಯಾಪಾರಿ ಇಡೀ ಗುಜರಾತಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳಬಲ್ಲೆ. ಊರಿನವರೆಲ್ಲ ಜಾಹೀರಾತಿಗೆ ದುಡ್ಡು ಸುರಿಯುವುದು ಗಿರಾಕಿಗಳು ಬರಲಿ ಎಂದು. ನಮ್ಮ ಭಾವ ಸುರಿಯುವುದು ಬಂದವರು ಓಡಿಹೋಗಲಿ ಎಂದು!

ಭಾವ ಅಂದರೆ ನನ್ನ ಅಕ್ಕನ ಗಂಡ. ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ವಡೋದರಕ್ಕೆ ಬಂದವರು ನಿವೃತ್ತರಾದ ಮೇಲೂ ಅಲ್ಲೇ ನಿಂತರು. ಕೈಗೆ ಬಂದ ಹಣದಲ್ಲಿ ಮೂರು ಪುಟ್ಟ ಫ್ಲಾಟುಗಳನ್ನು ಕೊಂಡರು. ಮಕರಪುರದಲ್ಲೊಂದು, ಸೂರತ್‌ನಲ್ಲೊಂದು, ಫತೇಗಂಜ್‌ನಲ್ಲೊಂದು. ಅಂದಿನಿಂದ ಅವರು 'ರಿಯಲ್ ಎಸ್ಟೇಟ್ ಇನ್ವೆಸ್ಟರ್'. ಈ ಬಿರುದು ಅವರೇ ಕೊಟ್ಟುಕೊಂಡದ್ದು. ಅಕ್ಕ ಕೊಟ್ಟಿರುವ ಬಿರುದು ಬೇರೆ, ಅದನ್ನು ಇಲ್ಲಿ ಅಚ್ಚು ಹಾಕಿಸುವ ಹಾಗಿಲ್ಲ.

ಮಕರಪುರದ ಮನೆಗೆ ಅವರು ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ಹೀಗಿತ್ತು: 'ಗಾಳಿ ಧಾರಾಳ. ಆದರೆ ಬರುವುದು ಕಾರ್ಖಾನೆಗಳ ಕಡೆಯಿಂದ. ಬಿಳಿ ಬಟ್ಟೆ ಉಡುವವರು ಯೋಚಿಸಿ ಫೋನ್ ಮಾಡಿ.' ಪತ್ರಿಕೆಯ ಕೌಂಟರಿನಲ್ಲಿದ್ದ ಯುವತಿ ಅದನ್ನು ಎರಡು ಸಲ ಓದಿ, "ಕಾಕಾ, ಮಕಾನ್ ಬಾಡಿಗೆಗೆ ಕೊಡ್ತಿದ್ದೀರೋ, ಶಾಪ ಕೊಡ್ತಿದ್ದೀರೋ?" ಎಂದು ಕೇಳಿದಳಂತೆ. ಭಾವ ಗಂಭೀರವಾಗಿ, "ಮಾಹಿತಿ ಕೊಡ್ತಿದ್ದೀನಿ ಬೇಟಾ" ಎಂದು ರಸೀದಿ ತೆಗೆದುಕೊಂಡು ಬಂದರು.

ಇನ್ನು ಫೋನು! ಯಾರಾದರೂ "ಮನೆ ಖಾಲಿ ಇದೆಯಾ?" ಎಂದರೆ ಮಾಲೀಕರಾದವರು "ಇದೆ" ಅನ್ನಬೇಕು ತಾನೆ? ಭಾವ "ಇದೆ, ಆದರೆ" ಎಂದು ಶುರುಮಾಡುತ್ತಾರೆ. ನಲ್ಲಿಯ ನೀರಿನ ರುಚಿ, ಪಕ್ಕದ ಮನೆಯವರ ಹಾರ್ಮೋನಿಯಂ ಅಭ್ಯಾಸ, ಎದುರಿನ ಮರದ ಪಾರಿವಾಳಗಳ ದಿನಚರಿ, ಎಲ್ಲ ಮುಗಿದು ಬಾಡಿಗೆಯ ವಿಷಯಕ್ಕೆ ಬರುವಷ್ಟರಲ್ಲಿ ಆ ಕಡೆಯವರು ಬೇರೆ ಮನೆ ನೋಡಿ, ಅಡ್ವಾನ್ಸ್ ಕೊಟ್ಟು, ಹಾಲು ಉಕ್ಕಿಸಿ ಆಗಿರುತ್ತದೆ.

ಒಮ್ಮೆ ಸೂರತ್‌ನ ಒಬ್ಬ ವಜ್ರದ ವ್ಯಾಪಾರಿ ಅಲ್ಲಿನ ಫ್ಲಾಟನ್ನು ಕೊಳ್ಳಲು ಫೋನ್ ಮಾಡಿದರು. "ಆ ರಸ್ತೆ ಮಳೆಗಾಲದಲ್ಲಿ ಕೆರೆಯಾಗುತ್ತೆ. ರೇಟು ಏರೋ ಲಕ್ಷಣ ಇಲ್ಲ. ನಿಮಗ್ಯಾಕೆ?" ಎಂದರು ಭಾವ. ಜೀವಮಾನವಿಡೀ ವ್ಯಾಪಾರ ಮಾಡಿದ ಮನುಷ್ಯನಿಗೆ ಇಂಥ ಮಾತು ಅರ್ಥವಾಗುವುದಾದರೂ ಹೇಗೆ? ಇದರಲ್ಲಿ ಏನೋ ಮರ್ಮವಿದೆ, ಪಕ್ಕದಲ್ಲಿ ಮೆಟ್ರೋ ಬರುತ್ತಿರಬೇಕು ಎಂದುಕೊಂಡು ಅವರು ಬೆಲೆ ಏರಿಸಿದರು! ಭಾವ ಇನ್ನೆರಡು ದೋಷ ಹೇಳಿದರು. ಅವರು ಇನ್ನೂ ಏರಿಸಿದರು! ಕೊನೆಗೆ ಭಾವ, "ನಿಜ ಹೇಳಿದರೆ ನಂಬದವರಿಗೆ ನಾನು ಮನೆ ಮಾರೋದಿಲ್ಲ" ಎಂದು ಫೋನ್ ಇಟ್ಟರು. ಅಕ್ಕ ಅವತ್ತು ಅಡುಗೆ ಮಾಡಲಿಲ್ಲ.

ಆದರೆ ಇವೆಲ್ಲಕ್ಕೂ ಕಳಶವಿಟ್ಟದ್ದು ಫತೇಗಂಜ್‌ನ ಫ್ಲಾಟು. 'ನಾಲ್ಕನೇ ಮಹಡಿ. ಲಿಫ್ಟ್ ಇದೆ, ನಡೆಯುವುದಿಲ್ಲ. ಹಿಂದೆಯೂ ನಡೆದಿಲ್ಲ. ಬೇಸಿಗೆಯಲ್ಲಿ ತಾರಸಿ ಕಾಯುತ್ತದೆ. ಪ್ರತಿ ಮಹಡಿಯಲ್ಲೂ ಕುರ್ಚಿ ಇದೆ.' ಈ ಕುರ್ಚಿಗಳು ಭಾವನ ಖಾಸಗಿ ಹುಚ್ಚು. ಶುಕ್ರವಾರದ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು, ಮೆಟ್ಟಿಲ ತಿರುವಿಗೊಂದರಂತೆ ಇಟ್ಟು, ಸರಪಳಿ ಬಿಗಿದಿದ್ದರು. "ಇದು ಸೊಸೈಟಿಯೋ, ಸಲೂನೋ?" ಎಂದು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ರೇಗಿದರೂ ಭಾವ ಜಗ್ಗಲಿಲ್ಲ. ಅವುಗಳ ಮೇಲೆ ಕೂತು ಲಾಭ ಪಡೆದದ್ದು ಕೊರಿಯರಿನವರು ಮತ್ತು ಒಂದು ಬೆಕ್ಕು. ಬಾಡಿಗೆದಾರರು ಮಾತ್ರ ವರ್ಷವಾದರೂ ಬರಲಿಲ್ಲ.

ಕೊನೆಗೆ, ನಾನು ವಡೋದರಕ್ಕೆ ಹೋಗಿದ್ದ ಒಂದು ಭಾನುವಾರ, ಅಕ್ಕ ಕೆರಳಿದಳು. "ಈ ತಿಂಗಳೊಳಗೆ ಯಾರಾದ್ರೂ ಬಂದ್ರೆ ಸರಿ. ಇಲ್ದಿದ್ರೆ ಅದನ್ನ ಮಾರಿಬಿಡಿ." ಎಲ್ಲದಕ್ಕೂ ವಾದ ಹೂಡುವ ಭಾವ ಅಂದು ಸುಮ್ಮನೆ ತಲೆ ತಗ್ಗಿಸಿದರು. ಮೂರರಲ್ಲಿ ಅತಿ ಕೆಟ್ಟ ಮನೆ ಅದು. ಅದನ್ನು ಕಳೆದುಕೊಳ್ಳುವುದಕ್ಕೆ ಈ ಮನುಷ್ಯನ ಮುಖ ಇಷ್ಟೇಕೆ ಬಾಡಬೇಕು ಎಂದು ನನಗೆ ತಿಳಿಯಲಿಲ್ಲ.

ಅದೇ ಸಮಯಕ್ಕೆ ಅವರ ಗಂಟಲು ಕೆಟ್ಟಿತು. ಫೋನಿನಲ್ಲಿ ದೋಷ ವರ್ಣಿಸಿ ವರ್ಣಿಸಿ ಧ್ವನಿಪೆಟ್ಟಿಗೆ ಊದಿಕೊಂಡಿದೆ, ಒಂದು ಮಾತೂ ಆಡಕೂಡದು ಎಂದರು ಡಾಕ್ಟರು. ಫೋನ್ ಎತ್ತಲು ಅಹಮದಾಬಾದಿನಿಂದ ನನ್ನನ್ನು ಕರೆಸಿದರು. ಅಲ್ಲಿನ ನರೋಡಾದ ಕಾರ್ಖಾನೆಯೊಂದರಲ್ಲಿ ಮಾರಾಟ ವಿಭಾಗದಲ್ಲಿರುವ ನನಗೆ ಇದೇನು ಮಹಾ? ರಜೆ ಹಾಕಿ ಬಂದೆ.

ಮೊದಲ ಕರೆ ಬಂದಾಗ ಭಾವ ನನ್ನೆದುರು ಸ್ಟೀಲ್ ಲೋಟ ಮತ್ತು ಚಮಚ ಹಿಡಿದು ಕೂತರು. ನಾನು ಜೇನಿನಂಥ ದನಿಯಲ್ಲಿ, "ಒಳ್ಳೆ ಗಾಳಿ, ಬೆಳಕು" ಎಂದೆ. ಠಣ್! ಒಂದು ದೋಷ ಬಿಟ್ಟೆ ಎಂದರ್ಥ. "ಯೂನಿವರ್ಸಿಟಿ ಪಕ್ಕದಲ್ಲೇ" ಎಂದೆ. ಠಣ್ ಠಣ್! ಆ ಕಡೆಯವರು ಕಂಗಾಲಾಗಿ, "ಬೆಹನ್, ದೇವಸ್ಥಾನದಿಂದ ಮಾತಾಡ್ತಿದ್ದೀರಾ?" ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಲೋಟ ಸೊಟ್ಟಗಾಗಿತ್ತು. ಮನೆ ಖಾಲಿಯೇ ಇತ್ತು.

ತಿಂಗಳು ಮುಗಿಯುವ ಹಿಂದಿನ ದಿನ ಅಚ್ಚ ಕನ್ನಡದ ದನಿಯೊಂದು ಬಂತು. "ನಮಸ್ಕಾರ್ರಿ. ನಾವು ಹುಬ್ಬಳ್ಳಿ ಕಡೆಯವರು. ಬ್ಯಾಂಕಿನಾಗ ಅದೀನ್ರಿ. ಸೂರತ್‌ನಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗೇತಿ. ಮನಿ ಐತೇನ್ರಿ?" ನಾನು ಫೋನ್ ಹಿಡಿದು ಬಾಲ್ಕನಿಗೆ ಓಡಿದೆ, ಬಾಗಿಲಿಗೆ ಚಿಲಕ ಹಾಕಿದೆ. ಒಳಗೆ ಠಣಠಣವೆಂದು ಪ್ರಳಯವೇ ಆಗುತ್ತಿತ್ತು. ನಾನು ಸುಳ್ಳು ಹೇಳಲಿಲ್ಲ. "ಲಿಫ್ಟ್ ಇದೆ" ಎಂದೆ, ಅಷ್ಟೇ!

ಮರುದಿನ ಫತೇಗಂಜ್‌ನಲ್ಲಿ ನಾವೆಲ್ಲ ಮೇಲೆ ಕಾಯುತ್ತಿದ್ದೆವು. ಫೋನ್ ಮಾಡಿದ್ದ ಹುಡುಗ ಏದುಸಿರು ಬಿಡುತ್ತ ಒಬ್ಬನೇ ಬಂದ. "ನಮ್ಮಾಕಿ ಹಿಂದ ಬರಾಕತ್ಯಾಳ್ರಿ. ಎರಡನೇ ಮಾಳಿಗಿ ಕುರ್ಚಿಮ್ಯಾಲ ಕುಂತಾಳ. ಆಕಿಗೆ ಈಗ ಏಳು ತಿಂಗಳ ನಡದಾವ್ರಿ." ಆಮೇಲೆ, "ಪರವಾಗಿಲ್ರಿ, ಮನಿ ಚಲೋ ಐತಿ, ತಗೋತೀವಿ" ಎಂದ.

ಗೆದ್ದೆ ಎಂದುಕೊಂಡು ಭಾವನ ಕಡೆ ತಿರುಗಿದರೆ ಅವರಲ್ಲಿರಲಿಲ್ಲ. ಧಡಧಡ ಇಳಿದುಹೋಗಿದ್ದರು. ನಾವು ಕೆಳಗೆ ಹೋದಾಗ ಆ ಹುಡುಗಿಯ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು. ಇಷ್ಟು ದಿನ ಮಾತಾಡದ ಗಂಟಲಿನಿಂದ ಹರಿದ ಧ್ವನಿ ಹೊರಬಂತು. "ಬೇಡಮ್ಮ. ಈ ಮನೆ ನಿನಗೆ ಬೇಡ. ನಿಧಾನವಾಗಿ ಇಳಿ, ಅವಸರ ಮಾಡಬೇಡ."

ಗಂಡ ಹೆಂಡತಿಯನ್ನು ಭಾವ ತಾವೇ ಕೆಳಗಿಳಿಸಿಕೊಂಡು ಹೋದರು. ನನಗೆ ಮೈ ಉರಿದುಹೋಯಿತು. ಅವತ್ತೇ ಕೊನೆಯ ದಿನ! ನಾನು ಅಕ್ಕನಿಗೆ, "ಇವರಿಗೆ ತಲೆ ಸರಿ ಇದೆಯಾ?" ಎಂದೆ.

ಅಕ್ಕ ಬೈಯಲಿಲ್ಲ. "ನಾವು ಈ ಊರಿಗೆ ಬಂದಾಗ ಬಾಡಿಗೆಗೆ ಹಿಡಿದಿದ್ದು ಇದೇ ಮನೆ ಕಣೆ. ನೀನಾಗ ಸ್ಕೂಲಲ್ಲಿದ್ದೆ. ಪೇಪರಲ್ಲಿ 'ಲಿಫ್ಟ್ ಇದೆ' ಅಂತ ಹಾಕಿದ್ರು. ನನಗೂ ಆಗ ಏಳು ತಿಂಗಳು. ಒಂದಿನ ತರಕಾರಿ ತಗೊಂಡು ಹತ್ತೋವಾಗ ಇಲ್ಲೇ, ಈ ಎರಡನೇ ಮಹಡೀಲಿ ನೆಲದ ಮೇಲೆ ಕೂತುಬಿಟ್ಟೆ. ಭಾಷೆ ಬರ್ತಿರಲಿಲ್ಲ, ಯಾರನ್ನ ಕೂಗಲಿ? ಇವರು ಆಫೀಸಿಂದ ಬರೋವರೆಗೂ ಹಾಗೇ ಕೂತಿದ್ದೆ. ಮಗು ಉಳೀಲಿಲ್ಲ." ಸೆರಗಿನಿಂದ ಕುರ್ಚಿಯ ಧೂಳು ಒರೆಸಿದಳು. "ಮೆಟ್ಟಿಲಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಎಷ್ಟು ಹೇಳಿದ್ರೂ ಇವರು ನಂಬಲಿಲ್ಲ. ಈ ಮನೆ ಮಾರಾಟಕ್ಕೆ ಬಂದಾಗ ಇವರೇ ಕೊಂಡ್ರು. ಇನ್ಯಾರಿಗೂ ಸುಳ್ಳು ಹೇಳಿ ಕೊಡಬಾರದು ಅಂತ. ಇನ್ನಾದರೂ ಆ ಭಾರ ಇಳಿಸಲಿ ಅಂತಲೇ ನಾನು ಮಾರಿ ಅಂದಿದ್ದು."

ವರ್ಷಗಳಿಂದ ಈ ಮನುಷ್ಯನನ್ನು ಗೇಲಿ ಮಾಡಿ ನಕ್ಕಿದ್ದೇನೆ. ಆ ಮೆಟ್ಟಿಲ ಮೇಲೆ ನನಗೆ ಅಳು ಬಂತು.

ಸಂಜೆ ಮನೆಗೆ ಬಂದರೆ ಭಾವ ಡಾಕ್ಟರ ಮಾತನ್ನು ಗಾಳಿಗೆ ತೂರಿ, ಪತ್ರಿಕೆ ಹರಡಿಕೊಂಡು, ಬೇರೆಯವರ ಜಾಹೀರಾತುಗಳಿಗೆಲ್ಲ ತಾವೇ ಫೋನ್ ಮಾಡುತ್ತಿದ್ದರು. "ನೆಲಮಹಡಿ ಬೇಕು. ಗಂಡ ಹೆಂಡತಿ ಇಬ್ಬರೇ. ಹುಡುಗಿ ಬಸುರಿ. ಮನೆಯಲ್ಲಿ ದೋಷ ಏನೇನಿದೆ, ಮೊದಲು ಅದನ್ನು ಹೇಳಿ." ಆ ಕಡೆಯವರು ಗಾಬರಿಯಾಗಿ ಇಡುತ್ತಿದ್ದರು. ಇವರು ಮುಂದಿನ ನಂಬರಿಗೆ ಹೋಗುತ್ತಿದ್ದರು. ಕತ್ತಲಾಗುವ ಮುಂಚೆ ಮನೆ ಸಿಕ್ಕಿತು.

ಮಾರುವ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ. ಹೊರಡುವ ಮುಂಚೆ ಫತೇಗಂಜ್‌ನ ಫ್ಲಾಟಿಗೆ ಹೊಸ ಜಾಹೀರಾತು ನಾನೇ ಬರೆದು ಗಟ್ಟಿಯಾಗಿ ಓದಿದೆ. 'ನಾಲ್ಕನೇ ಮಹಡಿ. ಲಿಫ್ಟ್ ಇದೆ, ನಡೆಯುವುದಿಲ್ಲ. ಹಿಂದೆಯೂ ನಡೆದಿಲ್ಲ. ತಾರಸಿ ಕಾಯುತ್ತದೆ.'

ಠಣ್!

ಭಾವನ ಕಡೆ ನೋಡಿದೆ. ಅವರ ಕೈ ಖಾಲಿ ಇತ್ತು. ಸೊಟ್ಟ ಲೋಟ ಅಕ್ಕನ ಕೈಯಲ್ಲಿತ್ತು.

"ಏನೇ ಬಿಟ್ಟೆ ನಾನು?" ಎಂದೆ.

"ಕುರ್ಚಿ" ಎಂದಳು ಅಕ್ಕ.