ಬಲಗಿಸೆಯ ಶೇಂಗಾ

ಭಾನುವಾರ ಬೆಳಿಗ್ಗೆ ಐದೂವರೆಗೆ ಭೀಮಾಶಂಕರ ಅಡುಗೆಮನೆಯಲ್ಲಿ ನಿಂತು ಶೇಂಗಾ ಎಣಿಸುತ್ತಿದ್ದ. ಹುರಿದ ಶೇಂಗಾ, ಮೂವತ್ತು. ಮೂವತ್ತೂ ಪ್ಯಾಂಟಿನ ಎಡಗಿಸೆಗೆ ಹೋದವು. ಆಮೇಲೆ ಪಕ್ಕದ ಡಬ್ಬಿಯಿಂದ ಪುಟಾಣಿ, ಅಂದರೆ ಹುರಿಗಡಲೆ, ಅವೂ ಮೂವತ್ತು. ಅವೂ ಅದೇ ಕಿಸೆಗೆ.

“ಏನ್ ಮಾಡಾಕತ್ತೀರಿ?” ಹಿಂದಿನಿಂದ ಹೆಂಡತಿ ಶೈಲಾಳ ದನಿ.

“ಏನಿಲ್ಲ. ಆಡುವಾಗ ಹಸಿವಾದ್ರ ಇರ್ಲಿ ಅಂತ.”

“ಚುರುಮುರಿ ಕಟ್ಟೇನಲ್ಲ?”

“ಅದೂ ಇರ್ಲಿ. ಇದು ಬ್ಯಾರೆ.”

ಶೈಲಾ ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಭೀಮಾಶಂಕರ ತನ್ನ ಗೆಲುವೆಂದು ತಿಳಿದುಕೊಂಡ.

ಈ ಮನುಷ್ಯ ಎಣಿಸುವಂತಿರಲಿಲ್ಲ. ಶೇಂಗಾ ಎಣಿಸಲು ಅಡ್ಡಿಯಿಲ್ಲ, ಗಾಲ್ಫ್ ಎಣಿಸುವಂತಿರಲಿಲ್ಲ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಬಿಡಿಭಾಗಗಳ ಅಳತೆ ಪರೀಕ್ಷಿಸಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ “ವಾಪಸ್!” ಎಂದು ಬರೆದು ನಿವೃತ್ತನಾದವನು. ಇಪ್ಪತ್ತೆರಡು ವರ್ಷದಿಂದ ಗಾಲ್ಫನ್ನೂ ಹಾಗೆಯೇ ಆಡಿದ್ದ. ಹೊಡೆದ ಪ್ರತಿಯೊಂದು ಹೊಡೆತವೂ ಡೈರಿಯಲ್ಲಿ, ಡೈರಿಗಳು ಬೀರುವಿನಲ್ಲಿ, ಬೀರುವಿನ ಕೀಲಿ ಜನಿವಾರದಷ್ಟೇ ಮಡಿಯಾಗಿ ಅವನ ಬಳಿ. ಹೋದ ವರ್ಷದಿಂದ ಕೈ ನಡುಗತೊಡಗಿತ್ತು. ಇನ್ನೂರು ಗಜ ದೂರಕ್ಕೆ ಬಾರಿಸುವಾಗ ನಡುಗುತ್ತಿರಲಿಲ್ಲ. ಕೊನೆಗೆ, ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಹೋಲ್ ಎಂಬ ಕುಳಿಗೆ ಹಾಕಬೇಕಲ್ಲ, ಆಗ! ಆ ಕೆಲಸಕ್ಕೆಂದೇ ಇರುವ ಪಟ್ಟರ್ ಎಂಬ ಕೋಲನ್ನು ಹಿಡಿದರೆ ಎರಡು ಅಡಿ ದೂರದ ಕುಳಿ ಎರಡು ಹರದಾರಿ ಆಚೆ ಹೋಗುತ್ತಿತ್ತು.

ಹಾಗೆ ತಪ್ಪಿದ ದಿನ ಅವನು ಮನೆಗೆ ಬಂದು ಮಾತಾಡುತ್ತಿರಲಿಲ್ಲ. ಮಾತಾಡದಿದ್ದರೆ ಶೈಲಾಗೆ ಚಿಂತೆಯಿರಲಿಲ್ಲ, ಮಾತಾಡಿದ್ದೇ ಅನಾಹುತವಾಯಿತು. ಹೋದ ಭಾನುವಾರ ಅವಳ ಅಣ್ಣನ ಮಗಳು ಭಾಗ್ಯಶ್ರೀಯ ನಿಶ್ಚಿತಾರ್ಥ. ತುಂಬಿದ ಮಂಟಪದಲ್ಲಿ ಯಾರೋ ಹಿರಿಯರು ಭೀಮಾಶಂಕರನ ಭುಜ ತಟ್ಟಿ, “ಹುಡುಗ ಹೆಂಗದಾನ್ರಿ, ನಿಮ್ಮ ಅಭಿಪ್ರಾಯ?” ಎಂದು ಕೇಳಿದರು. ಬೆಳಗಿನ ಚೆಂಡಿನ ಗುಂಗಿನಲ್ಲಿದ್ದ ಭೀಮಾಶಂಕರ ನಿಟ್ಟುಸಿರುಬಿಟ್ಟು, “ಮೂರ ಅಡಿ ಇತ್ರಿ. ಎಡಕ್ಕ ಹೋತು” ಎಂದ. ಹುಡುಗನ ತಾಯಿ ಪಕ್ಕದಲ್ಲೇ ಕುಳಿತಿದ್ದರು.

ಮರುದಿನ ಶೈಲಾ ಪಂಚಾಯ್ತಿ ಕೂಡಿಸಿದಳು. ಪಂಚರೂ ಅವಳೇ, ಫಿರ್ಯಾದಿಯೂ ಅವಳೇ. ಭೀಮಾಶಂಕರ ಊಟದ ತಾಟಿನ ಮೇಲೆ ಕೈಯಿಟ್ಟು ಘೋಷಿಸಿದ: “ಇವತ್ತಿನಿಂದ ಗಾಲ್ಫ್ ನನಗ ಆಟ, ಪರೀಕ್ಷಾ ಅಲ್ಲ! ಹದಿನೆಂಟು ಹೋಲ್ ಇಲ್ಲ, ಒಂಬತ್ತು. ಹದಿನಾಲ್ಕು ಕೋಲಿಲ್ಲ, ಏಳು. ಡೈರಿ ರದ್ದಿಗೆ! ನೀನೂ ಬಾ, ಗಾಳಿ ತಗೊಂಡಂಗ ಆಗ್ತೈತಿ.”

“ಎಣಸೂದಿಲ್ಲ?”

“ಎಣಸೂದಿಲ್ಲ.”

“ಮನಸಿನ್ಯಾಗ?”

“ಮನಸಿನ್ಯಾಗೂ ಇಲ್ಲ.”

“ಎಣಿಸಿದ್ರ?”

ಭೀಮಾಶಂಕರನಿಗೆ ಆವೇಶ ಏರಿತ್ತು. “ಎಣಿಸಿದ್ರ ಕೋಲು ಸಮೇತ ಆ ಚೀಲಾ ಅಮರೇಶಪ್ಪಗ ಕೊಟ್ಟುಬಿಡ್ತೀನಿ!”

ಅದು ಸಣ್ಣ ಮಾತಲ್ಲ. ಕಂದು ಚರ್ಮದ ಆ ಚೀಲವನ್ನು ಅವನು ಮಗುವಿನಂತೆ ಎಣ್ಣೆ ಹಚ್ಚಿ ಸಾಕಿದ್ದ. ಗೆಳೆಯ ಅಮರೇಶಪ್ಪ ಅದನ್ನು ಕಂಡಾಗಲೆಲ್ಲ ಸವರುತ್ತಿದ್ದ.

“ಆತು,” ಎಂದಳು ಶೈಲಾ. “ಬಿ.ಪಿ. ಗುಳಿಗಿ ಅಷ್ಟ ಎಣಸ್ಕೊಂಡು ತಗೋರಿ.”

ಎರಡು ದಿನ ಎಲ್ಲವೂ ಸುಸೂತ್ರವಾಗಿತ್ತು. ಮೂರನೆಯ ದಿನ ಅಡುಗೆಮನೆಯಿಂದ ಉರುಳಿದ ನಿಂಬೆಹಣ್ಣೊಂದು ಪಡಸಾಲೆಯ ದಿವಾನದ ಕೆಳಗೆ ಸೇರಿತು. ಶೈಲಾ ಮೂಲೆಯಲ್ಲಿದ್ದ ಪಟ್ಟರನ್ನು ಎತ್ತಿಕೊಂಡು, ಬಗ್ಗಿ, ಹಣ್ಣನ್ನು ಹೊರಗೆಳೆದು, ಎತ್ತಿಕೊಳ್ಳಲು ಬೇಸರವಾಗಿ ಅಲ್ಲಿಂದಲೇ ಒಮ್ಮೆ ದೂಡಿದಳು. ನಿಂಬೆಹಣ್ಣು ಪಡಸಾಲೆಯನ್ನು ದಾಟಿತು, ಚಾಪೆಯ ಅಂಚನ್ನು ತಪ್ಪಿಸಿತು, ಅಡುಗೆಮನೆಯ ಬಾಗಿಲಿನ ನಟ್ಟನಡುವೆ ಹಾದು ಈಳಿಗೆಮಣೆಯ ಮುಂದೆ ಹೋಗಿ ನಿಂತಿತು. ತನ್ನ ಪಾಡಿಗೆ ತಾನು ಕತ್ತರಿಸಿಕೊಳ್ಳಲು ಬಂದಂತೆ!

ಪೇಪರ್ ಓದುತ್ತಿದ್ದ ಭೀಮಾಶಂಕರ ಎದ್ದು ನಿಂತ. “ಹೆಂಗ ಹೊಡದಿ?”

“ಏನ್ ಹೊಡದೆ?”

“ಅದs, ಈಗ ಹೊಡದೆಲ್ಲ!”

“ಹೊಡಿಯೂದೇನು ಬಂತು? ಮೂಲಿಗಿ ಕಸಾ ದೂಡತೀನಲ್ಲ, ಹಂಗ ದೂಡಿದೆ. ಚಿತ್ರಾನ್ನಕ್ಕ ಬೇಕಾಗಿತ್ತು.”

ಅವನು ಆ ದಿನ ಚಿತ್ರಾನ್ನ ತಿನ್ನಲಿಲ್ಲ. ಇಪ್ಪತ್ತೆರಡು ವರ್ಷ ಕೋಚಿನ ಪುಸ್ತಕ, ಕನ್ನಡಿಯ ಮುಂದೆ ಅಭ್ಯಾಸ, ಮಂಡಿಯ ಕೋನ, ಉಸಿರಿನ ಲಯ. ಇವಳಿಗೆ ಕಸಬರಿಗೆ ಒಂದೇ ಗುರು! ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅವಳು ನಿಜಕ್ಕೂ ತನಗಿಂತ ಚೆನ್ನಾಗಿ ಉರುಳಿಸುತ್ತಾಳೆಯೇ ಎಂಬುದು ಅವನಿಗೆ ಗೊತ್ತಾಗಲೇಬೇಕಿತ್ತು. ಗೊತ್ತಾಗಬೇಕಾದರೆ ಎಣಿಸಲೇಬೇಕು.

ಶನಿವಾರ ಸ್ನಾನ ಮಾಡುವಾಗ ದಾರಿ ಹೊಳೆಯಿತು. ಆಣೆ ಮಾಡಿದ್ದು ಏನೆಂದು? ಬರೆಯುವುದಿಲ್ಲ, ಮನಸ್ಸಿನಲ್ಲಿ ಎಣಿಸುವುದಿಲ್ಲ. ಕಿಸೆ ಎಣಿಸಿದರೆ? ತಾನು ಉರುಳಿಸಿದ ಪ್ರತಿ ಸಲ ಒಂದು ಶೇಂಗಾ ಎಡಗಿಸೆಯಿಂದ ಬಲಗಿಸೆಗೆ. ಶೈಲಾ ಉರುಳಿಸಿದ ಪ್ರತಿ ಸಲ ಒಂದು ಪುಟಾಣಿ. ಆಟ ಮುಗಿದ ಮೇಲೆ ಬಲಗಿಸೆ ಬಿಚ್ಚಿ ನೋಡಿದರಾಯಿತು. ಮನಸ್ಸು ಶುದ್ಧ, ಕಾಗದ ಖಾಲಿ! ಮೂವತ್ನಾಲ್ಕು ವರ್ಷ ಅಳತೆ ಮಾಡಿದ ಬೆರಳುಗಳಿಗೆ ಕಿಸೆಯೊಳಗೆ ಶೇಂಗಾ ಯಾವುದು, ಪುಟಾಣಿ ಯಾವುದು ಎಂದು ನೋಡಿ ತಿಳಿಯಬೇಕಾಗಿರಲಿಲ್ಲ.

ಭಾನುವಾರ ಮೈದಾನದಲ್ಲಿ ಅಮರೇಶಪ್ಪ ಆಗಲೇ ಬಂದು ನಗುತ್ತ ನಿಂತಿದ್ದ. ಮೆಹದಿಪಟ್ಟಣಂನಲ್ಲಿ ಬಟ್ಟೆ ಅಂಗಡಿ, ಮೂಲ ಸಿಂಧನೂರಿನ ಕಡೆ. ಆಟ ಕೆಟ್ಟದ್ದು, ಖುಷಿ ಅಪಾರ. ಚೆಂಡು ಕೆರೆಗೆ ಬಿದ್ದರೆ ಚಪ್ಪಾಳೆ ತಟ್ಟುತ್ತಿದ್ದ, ಮರಕ್ಕೆ ಬಡಿದರೆ ಮರದ ಕ್ಷಮೆ ಕೇಳುತ್ತಿದ್ದ. ಎಷ್ಟು ಹೊಡೆದೆ ಎಂದು ಕೇಳಿದರೆ “ಸಾಕಷ್ಟು” ಎನ್ನುತ್ತಿದ್ದ. ಆ ನಗುವಿನ ಮೇಲೂ ಭೀಮಾಶಂಕರನಿಗೆ ಬಹಳ ವರ್ಷದಿಂದ ಹೊಟ್ಟೆಕಿಚ್ಚಿತ್ತು. ಆದರೆ ಅದು ಹಳೆಯದು, ಸಣ್ಣ ಉರಿಯದು.

ದೂರದ ಹೊಡೆತ ಗಂಡಸರಿಗೆ, ಶೈಲಾ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿನಿಂದ ಮಾತ್ರ ಆಡುವುದು ಎಂದು ನಿಗದಿಯಾಯಿತು. ಗಂಡ ಹೆಂಡಿರಿಗೆ ಪಟ್ಟರ್ ಒಂದೇ.

ಮೊದಲ ಹೋಲ್. ಭೀಮಾಶಂಕರ ಉರುಳಿಸಿದ, ತಪ್ಪಿತು. ಶೇಂಗಾ ಒಂದು. ಮತ್ತೆ ಉರುಳಿಸಿದ, ಕುಳಿಯ ತುಟಿ ಸವರಿ ಹೋಯಿತು. ಎರಡು. ಮೂರನೆಯದು ಬಿತ್ತು. ಶೈಲಾ ಮುಂದೆ ಬಂದಳು, ಸೆರಗು ಸಿಕ್ಕಿಸಿಕೊಂಡಳು.

“ಅಮರೇಶಪ್ಪ ಅವ್ರ, ನಿಮ್ಮ ಅಂಗಡ್ಯಾಗ ಇಳಕಲ್ ಸೀರಿ ಹೊಸಾವು ಬಂದಾವೇನ್ರಿ?” ಎನ್ನುತ್ತಲೇ ದೂಡಿದಳು.

“ಮಾತಾಡಬಾರ್ದು! ಉರುಳಿಸೂ ಮುಂದ ಮಾತಾಡಬಾರ್ದು!” ಎಂದ ಭೀಮಾಶಂಕರ.

ಟಕ್. ಚೆಂಡು ಕುಳಿಯಲ್ಲಿತ್ತು.

“ಬಂದಾವ್ರಿ ವೈನಿ, ಈ ವಾರನ ಬಂದಾವು,” ಎಂದ ಅಮರೇಶಪ್ಪ.

ಒಂದು ಪುಟಾಣಿ. ಒಂದೇ ಒಂದು! ಭೀಮಾಶಂಕರನ ಬೆರಳುಗಳು ಕಿಸೆಯೊಳಗೆ ಎರಡು ಪುಟಾಣಿ ಹಿಡಿದಿದ್ದವು. ಒಂದು ಕ್ಷಣ ಹಿಡಿದೇ ಇದ್ದವು. ಮೂವತ್ನಾಲ್ಕು ವರ್ಷದ ನೌಕರಿ ಕೆಮ್ಮಿದಂತಾಗಿ ಒಂದನ್ನು ಬಿಟ್ಟ.

ಮೂರನೆಯ ಹೋಲಿನ ಬಳಿ ಸುಗಲಮ್ಮ ಕೂತು ಕುಡುಗೋಲಿನಿಂದ ಕಳೆ ತೆಗೆಯುತ್ತಿದ್ದಳು. ಶಹಾಪುರದ ಕಡೆಯವಳು, ಈ ಹುಲ್ಲನ್ನು ಸಾಕುವ ಕೂಲಿ. ಇಷ್ಟು ವರ್ಷ ಭೀಮಾಶಂಕರ ಎಷ್ಟು ಹೊಡೆದರೂ ಅವಳು ತಲೆಯೆತ್ತಿದ್ದಿಲ್ಲ. ಶೈಲಾ ಇಪ್ಪತ್ತಡಿಯಿಂದ ದೂಡಿದ ಚೆಂಡು ಬಳುಕಿ ಬಳುಕಿ ಹೋಗಿ ಬಿದ್ದಾಗ ಕುಡುಗೋಲು ಕೆಳಗಿಟ್ಟಳು.

“ಯವ್ವಾ! ಅಕ್ಕ ಏನ್ ಚಂದ ಕಸಾ ಹೊಡೀತಾಳ್ರಿ!”

“ನಿಮ್ಮ ಊರ ಕಡಿ ಅಂಗಳಾ ಹಿಂಗs ಹೊಡೀತೀರಿಲ್ಲೇನವ್ವಾ?” ಎಂದು ಶೈಲಾ ನಕ್ಕಳು. ಇಬ್ಬರೂ ಅಂಗಳದ ಮಾತಿಗೆ ಕೂತುಬಿಟ್ಟರು. ಸುಗಲಮ್ಮ ಕೆಲಸ ಸರಿಸಿಕೊಳ್ಳುತ್ತ ಅವರ ಹಿಂದೆಯೇ ಬಂದಳು. ಇಪ್ಪತ್ತೆರಡು ವರ್ಷ ತನ್ನ ಕೈಯಲ್ಲಿ ಸೊಸೆಯಂತೆ ಮುಖ ಗಂಟಿಕ್ಕಿಕೊಂಡಿದ್ದ ಪಟ್ಟರ್, ಶೈಲಾಳ ಕೈಗೆ ಹೋದ ಕೂಡಲೇ ತವರು ಸೇರಿದಂತೆ ಆಡುವುದನ್ನು ಭೀಮಾಶಂಕರ ನೋಡಿದ. ವಾಪಸ್ ಕೈಗೆ ಬಂದಾಗ ಅದರ ಹಿಡಿ ಬೆಚ್ಚಗಿತ್ತು. ಅದೂ ಉರಿಯಿತು.

ನಾಲ್ಕನೆಯ ಹೋಲಿನಲ್ಲಿ ಅಮರೇಶಪ್ಪ ಮೂಗರಳಿಸಿದ. “ಭೀಮಣ್ಣಾ, ನಿನ್ನ ಕಿಸೆದಾಗ ಹುರದ ಶೇಂಗಾ ವಾಸನಿ ಬರಾಕತ್ತೈತಿ.”

ಇಲ್ಲವೆನ್ನಲು ಬರುವುದಿಲ್ಲ. ಎಡಗಿಸೆಯಿಂದ ನಾಲ್ಕು ತೆಗೆದು ಕೊಟ್ಟ. ಅಮರೇಶಪ್ಪ ಐದನೆಯ ಹೋಲಿನಲ್ಲಿ ಮತ್ತೆ ಕೈಚಾಚಿದ. ಆರನೆಯದರಲ್ಲಿ ಸುಗಲಮ್ಮನಿಗೂ ಕೊಡಿಸಿದ. “ಕೊಡಪಾ, ಕಿಸೆದಾಗ ಇಟ್ಟು ಮೊಳಕಿ ಒಡಸ್ತೀಯೇನು?”

ಎಂಟನೆಯ ಹೋಲಿಗೆ ಬರುವಷ್ಟರಲ್ಲಿ ವಿಪತ್ತು ಸಂಭವಿಸಿತು. ಎಡಗಿಸೆಯಲ್ಲಿ ಪುಟಾಣಿ ರಾಶಿ, ಶೇಂಗಾ ಒಂದೂ ಇಲ್ಲ! ಶೈಲಾಳ ಹೊಡೆತ ಎಣಿಸಲು ಸಾಮಗ್ರಿ ಧಾರಾಳ, ತನ್ನದಕ್ಕೆ ಏನೂ ಇಲ್ಲ. ಭೀಮಾಶಂಕರ ಚೆಂಡಿನ ಮುಂದೆ ನಿಂತೇ ಇದ್ದ. ಎಣಿಸದೆ ಹೊಡೆಯಲು ಕೈ ಬಾರದು.

“ಏನಾತ್ರಿ? ಸೊಂಟಾ ಹಿಡೀತೇನು?”

“ಇಲ್ಲ, ಇಳಿಜಾರು ನೋಡಾಕತ್ತೀನಿ,” ಎಂದು ಬಗ್ಗಿ, ಮರದಡಿ ಬಿದ್ದಿದ್ದ ಎರಡು ಬೇವಿನ ಕಾಯಿ ಆರಿಸಿಕೊಂಡ. ಎರಡು ಸಲ ಉರುಳಿಸಿದ, ಎರಡೂ ಬಲಗಿಸೆಗೆ ಹೋದವು.

ಒಂಬತ್ತನೆಯದು, ಕೊನೆಯ ಹೋಲ್. ಅಮರೇಶಪ್ಪ ಸಲಿಗೆಯಿಂದ ಪಕ್ಕಕ್ಕೆ ಬಂದು ನಿಂತ. “ಆ ಕಿಸೆದಾಗ ಶೇಂಗಾ ತೀರಿದ್ರ ಏನಾತು? ಈ ಕಿಸೆ ಉಬ್ಬೇತಿ ನೋಡು!” ಎನ್ನುತ್ತ ಬಲಗಿಸೆಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು, ಬಾಯಿಗೆ ಹಾಕಿಕೊಂಡ.

“ತಿನಬ್ಯಾಡೋ!” ಭೀಮಾಶಂಕರನ ಕೂಗಿಗೆ ಮರದ ಹಕ್ಕಿಗಳು ಎದ್ದವು. “ಅದರಾಗ ಎಂಟು ಹೋಲಿನ ಲೆಕ್ಕಾ ಐತಿ!”

ಎಲ್ಲ ನಿಂತಿತು. ಅಮರೇಶಪ್ಪನ ದವಡೆಯೂ ನಿಂತಿತು. ಬೇವಿನ ಕಾಯಿ ಸಿಕ್ಕಿರಬೇಕು, ಮುಖ ಕಿವುಚಿತು. “ನಾ ಈಗ ಎಷ್ಟನೇ ಹೋಲ್ ತಿಂದೆ?”

“ಏನ್ ಲೆಕ್ಕಾರಿ?” ಶೈಲಾ ಮೆಲ್ಲಗೆ ಕೇಳಿದಳು.

ಭೀಮಾಶಂಕರ ಒಪ್ಪಿಕೊಂಡ. ಶೇಂಗಾ ತನ್ನದು, ಪುಟಾಣಿ ಅವಳದು, ಎಡದಿಂದ ಬಲಕ್ಕೆ. ಒಪ್ಪಿಕೊಂಡು ತಲೆ ತಗ್ಗಿಸಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವನು ಬಲಗಿಸೆಯನ್ನು ಹೊರಕ್ಕೆ ತೆಗೆದು, ಉಳಿದ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಅಳುವ ದನಿಯಲ್ಲಿ ಹೇಳಿದ: “ಈಗ ಯಾರು ಮುಂದದಾರ ಅಂತ ಹೆಂಗ ಗೊತ್ತಾಗಬೇಕು?”

“ನಿಮ್ಮವು ಇಪ್ಪತ್ತು. ನನ್ನವು ಹದಿಮೂರು,” ಎಂದಳು ಶೈಲಾ. “ಅಮರೇಶಪ್ಪ ಅವ್ರದು ಮೂವತ್ತರ ಮ್ಯಾಲ ನಾ ಬಿಟ್ಟೆ.”

“ನಿನಗ ಹೆಂಗ…”

“ಆಣಿ ಮಾಡಿದ್ದು ನೀವು. ನಾ ಎಲ್ಲಿ ಮಾಡೇನಿ?”

“ಅಂದ್ರ ನಿನಗ ಗೊತ್ತಿತ್ತು?”

“ಬೆಳಿಗ್ಗೆನ ಗೊತ್ತಾತು. ತಿನ್ನೋ ಮಂದಿ ಶೇಂಗಾ ಮುಷ್ಟಿಲೆ ತಗೋತಾರ್ರಿ. ಒಂದೊಂದs ಎಣಿಸಿ ಯಾರ್ ತಗೋತಾರ?”

“ಮತ್ತ ಆವಾಗs ಯಾಕ ಹೇಳಲಿಲ್ಲ?”

“ಎಷ್ಟಕ್ಕ ಸೋಲ್ತೀರಿ ಅಂತ ನೋಡಬೇಕಿತ್ತು.”

ಅವಳು ಚೀಲವನ್ನು ಎತ್ತಿ ಅಮರೇಶಪ್ಪನ ಹೆಗಲಿಗೆ ಹಾಕಿದಳು. ಅವನು ಬೇಡ ಬೇಡ ಎನ್ನುತ್ತಲೇ ಪಟ್ಟಿಯನ್ನು ತನ್ನ ಅಳತೆಗೆ ಸರಿಮಾಡಿಕೊಂಡ. ಇಬ್ಬರೂ ಇಳಕಲ್ ಸೀರೆಯ ಮಾತಾಡುತ್ತ ಗಾಡಿಯ ಕಡೆ ನಡೆದರು.

ಭೀಮಾಶಂಕರನ ಕೈಯಲ್ಲಿ ಪಟ್ಟರ್ ಒಂದು ಉಳಿದಿತ್ತು. ಚೆಂಡು ಕುಳಿಯಿಂದ ಹದಿನೈದು ಅಡಿ ದೂರದಲ್ಲಿ ಬಿದ್ದಿತ್ತು. ಎಣಿಸಲು ಶೇಂಗಾ ಇಲ್ಲ, ಬೇವಿನ ಕಾಯಿ ಇಲ್ಲ, ಕಳೆದುಕೊಳ್ಳಲು ಚೀಲವೂ ಇಲ್ಲ. ಬೇಸರಕ್ಕೆ ಒಮ್ಮೆ ದೂಡಿದ. ಕೈ ನಡುಗಲಿಲ್ಲ. ಚೆಂಡು ಉರುಳಿತು, ಬಳುಕಿತು, ಟಕ್ ಎಂದು ಬಿತ್ತು.

ಬಿತ್ತು! ಅವನು ಎರಡೂ ಕೈ ಮೇಲೆತ್ತಿ ತಿರುಗಿದ. ಶೈಲಾ ನೋಡಿರಲಿಲ್ಲ. ಅಮರೇಶಪ್ಪ ಗಾಡಿಯ ಡಿಕ್ಕಿಯಲ್ಲಿ ಚೀಲವನ್ನು ಮಲಗಿಸುತ್ತಿದ್ದ. ನೋಡಿದವಳು ಸುಗಲಮ್ಮ ಒಬ್ಬಳೇ.

“ಭೇಷ್ ಸಾಹೇಬ್ರ!” ಎಂದಳು. “ಬರೋಬ್ಬರಿ ಅಕ್ಕನಂಗs ಹೊಡದ್ರಿ!”

ಚೀಲ ಈಗ ಮೆಹದಿಪಟ್ಟಣಂನಲ್ಲಿದೆ. ಪಟ್ಟರ್ ಬಾಲಾನಗರದ ಮನೆಯಲ್ಲಿ, ಕಸಬರಿಗೆಯ ಪಕ್ಕದಲ್ಲಿ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಆಟವಿದೆ. ದೂರದ ಹೊಡೆತಕ್ಕೆ ಭೀಮಾಶಂಕರ ಅಮರೇಶಪ್ಪನನ್ನು ಕೇಳಿ ಕೋಲು ತೆಗೆದುಕೊಳ್ಳಬೇಕು, ಉರುಳಿಸುವುದಕ್ಕೆ ಶೈಲಾಳನ್ನು. ಅವನ ಪ್ಯಾಂಟಿನ ಎರಡೂ ಕಿಸೆಗಳನ್ನು ಅವಳು ನಿನ್ನೆ ಹೊಲಿದುಬಿಟ್ಟಿದ್ದಾಳೆ.