ನಮ್ಮ ಅಕ್ಕನ ಕತ್ತರಿ ತಾಳ

ನಮ್ಮ ದೊಡ್ಡಮ್ಮನ ಮಗಳಿಗೆ ದೇವರು ಕಣ್ಣು, ಮೂಗು ಕೊಟ್ಟದ್ದು ಕಿವಿಗೆ ಜೊತೆ ಇರಲಿ ಎಂದು ಮಾತ್ರ! ನನಗೆ ಅವಳು ಅಕ್ಕ. ಸಂಗೀತ ತಂತ್ರಜ್ಞಾನ ಮತ್ತು ಸಂಯೋಜನೆಯಲ್ಲಿ ಸ್ನಾತಕೋತ್ತರ ಸಂಶೋಧನೆ ಮಾಡುತ್ತಿದ್ದಾಳೆ. ಹಾಗೆಂದರೇನು ಎಂದು ನನ್ನನ್ನು ಕೇಳಬೇಡಿ. ಊರಿನ ಶಬ್ದಗಳನ್ನು ಹಿಡಿದು ತಂದು ಕಂಪ್ಯೂಟರಿನಲ್ಲಿ ಹೆಣೆದು ಸಂಗೀತ ಮಾಡುತ್ತಾಳೆ, ನನಗೆ ಗೊತ್ತಿರುವುದು ಇಷ್ಟೇ.

ಹಿಡಿಯಲಿಕ್ಕೆ ಒಂದು ಮೈಕು. ಗಾಳಿಯ ಸದ್ದು ಬೀಳದಿರಲೆಂದು ಅದಕ್ಕೆ ಕೂದಲಿನ ಅಂಗಿ. ನಮ್ಮ ನರಿಕೊಂಬಿನ ಮನೆಗೆ ಅದನ್ನು ತಂದ ದಿನ ಪಕ್ಕದ ಮನೆಯ ಅಜ್ಜಿ ದೂರದಲ್ಲೇ ನಿಂತು ಕೇಳಿದರು: "ಮುಂಗುಸಿಯಾ? ತಿನ್ನಲಿಕ್ಕೆ ಎಂತ ಕೊಡ್ತಿ?"

"ಶಬ್ದ ಕೊಡ್ತೇನೆ ಅಜ್ಜಿ."

"ಪಾಪ, ಅದಕ್ಕೇ ಸಪೂರ ಉಂಟು!"

ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತುವ ಹೊತ್ತಿಗೆ ಅವಳಿಗೆ ಕಂಡಕ್ಟರರ ವಿಸಿಲ್ ಮೇಲೆ ಮನಸ್ಸಾಯಿತು. "ಅಣ್ಣ, ಒಮ್ಮೆ ಊದ್ತೀರಾ?" ಕೆಳಗಿಳಿದು ನಿಂತಿದ್ದ ಅವರಿಗೂ ಖುಷಿ. ಎದೆಯುಬ್ಬಿಸಿ ಎರಡು ಸಲ ಊದಿಯೇ ಬಿಟ್ಟರು! ಎರಡು ವಿಸಿಲ್ ಎಂದರೆ ಡ್ರೈವರಿಗೆ 'ಹೋಗುವ' ಎಂದಲ್ಲವೇ? ಬಸ್ಸು ಹೊರಟಿತು. ಅದರ ಹಿಂದೆ ಕಂಡಕ್ಟರು, ಕಂಡಕ್ಟರರ ಹಿಂದೆ ಮೈಕು ಹಿಡಿದ ಅಕ್ಕ. ಏದುಸಿರು ಬಿಡುತ್ತಾ ನಾನು ನಿಂತಲ್ಲಿಗೆ ಹಿಂದಿರುಗಿದವಳ ಮುಖ ಅರಳಿತ್ತು. "ಮಾರಾಯ, ಓಡುವ ಚಪ್ಪಲಿಯ ಶಬ್ದವೂ ಸಿಕ್ಕಿತು!"

ಇಂಥವಳು ಪದವಿಗಾಗಿ ಒಪ್ಪಿಸಬೇಕಾದ ಕೃತಿಗೆ ಆರಿಸಿಕೊಂಡದ್ದು ತನ್ನ ಅಮ್ಮನ ಬೀಡಿ ಕಟ್ಟುವ ಶಬ್ದ! ಎಲೆಗೆ ಕತ್ತರಿಯ ಕಚಕ್, ಸುರುಳಿಯ ಸರ್, ನೂಲಿನ ಟಪ್. ಜಗಲಿಯಲ್ಲಿ ದಿನವೂ ಕೇಳಿದ ಸದ್ದಿನಲ್ಲಿ ಇಷ್ಟು ತಾಳವಿತ್ತೇ ಎಂದು ನಾನು ಬೆರಗಾಗಿ ಕುಳಿತೆ. ಆದರೆ ಅವಳ ಗೈಡು ಒಪ್ಪಲಿಲ್ಲ. "ಅಚ್ಚುಕಟ್ಟಾಗಿದೆ, ಜೀವ ಇಲ್ಲ" ಎಂದುಬಿಟ್ಟರು. ತಿಂಗಳೊಳಗೆ ಸರಿಪಡಿಸದಿದ್ದರೆ ಅವಳ ಎರಡು ವರ್ಷ ನೀರುಪಾಲು. ಸದಾ ಕೈಯಲ್ಲೇ ಇರುತ್ತಿದ್ದ ಮೈಕನ್ನು ಅಕ್ಕ ಮಂಚದಡಿಗೆ ತಳ್ಳಿಬಿಟ್ಟಳು. ನನಗೆ ಹೆದರಿಕೆಯೇ ಆಯಿತು.

"ದೊಡ್ಡಮ್ಮನಿಗೇ ಒಮ್ಮೆ ಕೇಳಿಸುವ" ಎಂದೆ. ದೊಡ್ಡಮ್ಮ ಮಡಿಲಿನ ಬೀಡಿಯ ಮೊರ ಇಳಿಸದೆಯೇ ಹೆಡ್‌ಫೋನ್ ಹಾಕಿಕೊಂಡರು. ಅರ್ಧಕ್ಕೇ ತೆಗೆದರು.

"ಇದು ನನ್ನ ಕೈ ಅಲ್ಲ ಮಗಾ."

"ನಿಮ್ಮದೇ ಅಮ್ಮ, ನಾನೇ ರೆಕಾರ್ಡು ಮಾಡಿದ್ದು!"

"ನಡುನಡುವೆ ನಾನು ನಿಲ್ಲಿಸ್ತೇನಲ್ಲ, ಅದು ಎಲ್ಲಿ?"

ಅಕ್ಕ ತಲೆ ಕೆರೆದುಕೊಂಡಳು. "ಅಲ್ಲಿ ಎಂತ ಶಬ್ದವೂ ಇರ್ಲಿಲ್ಲ. ಕತ್ತರಿಸಿ ಬಿಸಾಡಿದೆ. ಅಲ್ಲ, ನಿಲ್ಲಿಸುದು ಯಾಕೆ? ಕೈ ನೋವಾ?"

"ಕೈ ನೋವು ಎಂತದ್ದು! ಒಳಗೆ ನೀನು ಓದುದು ಕೇಳ್ತದಾ ಅಂತ ನೋಡ್ಲಿಕ್ಕೆ. ಕತ್ತರಿ ಆಡಿದ್ರೆ ನಿನ್ನ ಸ್ವರ ಗೊತ್ತಾಗ್ತಿರ್ಲಿಲ್ಲ. ನೀನು ಸಣ್ಣದಿರುವಾಗಿನಿಂದ ಅಭ್ಯಾಸ. ನೀನು ಊರಲ್ಲಿ ಇಲ್ಲದಿದ್ರೂ ಈಗ ಕೈ ಅದರಷ್ಟಕ್ಕೆ ನಿಲ್ತದೆ."

ಊರಿನ ಶಬ್ದವನ್ನೆಲ್ಲ ಹಿಡಿದವಳಿಗೆ ಅಮ್ಮ ತನ್ನನ್ನು ಆಲಿಸುತ್ತಿದ್ದದ್ದು ಕೇಳಿಸಿರಲಿಲ್ಲ! ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಬಿಸಾಡಿದ್ದ ಮೌನಗಳನ್ನೆಲ್ಲ ಹುಡುಕಿ, ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿದಳು. ಗೈಡು ಈ ಸಲ ಕೊನೆಯವರೆಗೂ ಕೇಳಿ, ಒಪ್ಪಿ ಸಹಿ ಹಾಕಿದರು.

ಈಗ ಅವಳು ಮನೆಯಲ್ಲೇ ಕುಳಿತು ಪ್ರಬಂಧ ಬರೆಯುತ್ತಿದ್ದಾಳೆ. ಜಗಲಿಯಲ್ಲಿ ಕತ್ತರಿ ನಿಲ್ಲುತ್ತದೆ. ಅಕ್ಕ ತಲೆಯೆತ್ತದೆ ಒಳಗಿನಿಂದಲೇ ಕೂಗುತ್ತಾಳೆ: "ಓದ್ತಾ ಇದ್ದೇನೆ ಅಮ್ಮಾ!"

ಕತ್ತರಿ ಮತ್ತೆ ಆಡತೊಡಗುತ್ತದೆ.